ಹೆಂಡದಂಗಡಿ ಮೊದಲು, ಪಾಠಶಾಲೆ ಕೊನೆಗೆ

ಒಂದು ಸರ್ಕಾರಕ್ಕೆ ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದನ್ನು ತಿಳಿಯಬೇಕಾದರೆ ಅದರ ಮಂತ್ರಿಗಳ ಭಾಷಣವನ್ನು ಕೇಳಬೇಕಾಗಿಲ್ಲ. ಕಷ್ಟಕಾಲದಲ್ಲಿ ಅದು ಯಾವ ಬಾಗಿಲನ್ನು ಮೊದಲು ತೆರೆಯಿತು, ಯಾವುದನ್ನು ಕೊನೆಗೆ ತೆರೆಯಿತು ಎಂದು ನೋಡಿದರೆ ಸಾಕು. ಅಂಗಡಿ ಇಟ್ಟವರಿಗೂ ಗಿರಣಿಯಲ್ಲಿ ದುಡಿಯುವವರಿಗೂ ಈ ಲೆಕ್ಕ ಕಷ್ಟದ್ದಲ್ಲ. ಆದುದರಿಂದ ಈ ವಾರ ನಾವು ಆ ಲೆಕ್ಕವನ್ನು ವಾಚಕರ ಮುಂದೆ ಇಡುತ್ತೇವೆ.

೨೦೨೦ನೆಯ ಇಸವಿಯ ಮಾರ್ಚ್ ತಿಂಗಳ ನಡುವಿನಲ್ಲಿ ಕೊರೋನಾ ಪಿಡುಗಿಗೆ ಹೆದರಿ ನಮ್ಮ ರಾಜ್ಯದ ಶಾಲೆಗಳು ಮುಚ್ಚಿದವು. ಮಾರ್ಚ್ ೨೫ರಿಂದ ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. ಮೇ ೪ರಂದು ಹೆಂಡದ ಅಂಗಡಿಗಳು ತೆರೆದವು. ಜೂನ್ ೮ರಿಂದ ಮಾಲುಗಳು, ಹೋಟೆಲುಗಳು, ದೇವಸ್ಥಾನಗಳು ತೆರೆದವು. ಅಕ್ಟೋಬರಿನಲ್ಲಿ ಸಿನಿಮಾ ಮಂದಿರಗಳು ತೆರೆದವು. ನವೆಂಬರ್ ೩ರಂದು ರಾಜರಾಜೇಶ್ವರಿ ನಗರದಲ್ಲಿ ಉಪಚುನಾವಣೆ ನಡೆಯಿತು. ಡಿಸೆಂಬರಿನಲ್ಲಿ ರಾಜ್ಯದಾದ್ಯಂತ ಗ್ರಾಮ ಪಂಚಾಯಿತಿಗಳ ಚುನಾವಣೆ ನಡೆಯಿತು. ಮಕ್ಕಳು ಕೂರಲು ಅಪಾಯವಾಗಿದ್ದ ಅದೇ ಶಾಲೆಯ ಕೋಣೆಗಳು ಮತಗಟ್ಟೆಗಳಾಗುವುದಕ್ಕೆ ಅಪಾಯವಾಗಲಿಲ್ಲ. ೨೦೨೧ರ ಜನವರಿ ೧ರಂದು ಹತ್ತನೆಯ ತರಗತಿಯವರಿಗೆ ಶಾಲೆ ಬಂತು. ಏಪ್ರಿಲಿನಲ್ಲಿ ಎರಡನೆಯ ಅಲೆಯೊಡನೆ ಹೋಯಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಶಾಲೆಯ ಹೊಸಿಲು ಮೆಟ್ಟಿದ್ದು ೨೦೨೧ರ ಅಕ್ಟೋಬರ್ ೨೫ರಂದು. ಹೆಂಡದಂಗಡಿಗೆ ನಲವತ್ತು ದಿನದ ರಜೆ. ಅ, ಆ, ಇ, ಈ ಕಲಿಯಬೇಕಾದ ಮಗುವಿಗೆ ಹತ್ತೊಂಬತ್ತು ತಿಂಗಳಿಗೂ ಮಿಕ್ಕ ರಜೆ. ಅದು ಸಾಲದೆಂಬಂತೆ ೨೦೨೨ರ ಜನವರಿಯಲ್ಲಿ ಬೆಂಗಳೂರಿನ ಕೆಳತರಗತಿಗಳನ್ನು ಮತ್ತೊಮ್ಮೆ ತಿಂಗಳ ಕೊನೆಯವರೆಗೆ ಮುಚ್ಚಿದರು.

ನಾವು ಅನ್ಯಾಯವಾಗಿ ಮಾತನಾಡಬಾರದು. ರೋಗ ಸುಳ್ಳಾಗಿರಲಿಲ್ಲ. ೨೦೨೧ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬ್ಯುಲೆನ್ಸುಗಳು ಸಾಲುಗಟ್ಟಿ ನಿಂತದ್ದನ್ನು ಕಂಡವರು ಅದನ್ನು ಮರೆಯಲಾರರು. ಉಪಾಧ್ಯಾಯರೂ ಸತ್ತರು. ೨೦೨೦ರ ಮಾರ್ಚಿನಲ್ಲಿ, ರೋಗ ಯಾರಿಗೆ ಹೇಗೆ ಅಂಟುತ್ತದೆಂಬುದೇ ಸರಿಯಾಗಿ ತಿಳಿಯದಿದ್ದಾಗ, ಶಾಲೆಯನ್ನು ಮುಚ್ಚಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ಆಕ್ಷೇಪಣೆ ಮುಚ್ಚಿದ್ದಕ್ಕಲ್ಲ. ಮುಚ್ಚಿದ ಮೇಲೆ ಮರೆತದ್ದಕ್ಕೆ. ಡೆನ್ಮಾರ್ಕ್ ದೇಶ ೨೦೨೦ರ ಏಪ್ರಿಲ್ ೧೫ರಂದೇ ಎಲ್ಲಕ್ಕಿಂತ ಮೊದಲು ಚಿಕ್ಕ ಮಕ್ಕಳ ಶಾಲೆಗಳನ್ನು ತೆರೆಯಿತು. ಅಲ್ಲಿ ಸಣ್ಣ ಮಕ್ಕಳು ಮೊದಲು. ಇಲ್ಲಿ ಸಣ್ಣ ಮಕ್ಕಳು ಕೊನೆ. ಡೆನ್ಮಾರ್ಕಿನ ಅನುಕೂಲ ನಮಗಿಲ್ಲ, ಒಪ್ಪಿದೆವು. ಆದರೆ ಸರದಿಯಲ್ಲಿ ಯಾರನ್ನು ಮುಂದೆ ನಿಲ್ಲಿಸಬೇಕು ಎಂದು ತೀರ್ಮಾನಿಸುವುದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.

ಬೆಂಗಳೂರಿನ ದಕ್ಷಿಣ ಭಾಗವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಆ ಭಾಗ ಬೆಳೆದದ್ದೇ ಒಂದು ಪಿಡುಗಿನ ನೆರಳಿನಲ್ಲಿ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಿಂದ ಹೊರಗೆ ಗಾಳಿ ಬೆಳಕಿನ ಬಡಾವಣೆ ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಹೋಗಲು ಶಕ್ತಿಯಿದ್ದವರು ಹೋದರು. ಇಲ್ಲದವರು ಪೇಟೆಯಲ್ಲೇ ಉಳಿದರು. ಆ ಬಸವನಗುಡಿಯ ದಕ್ಷಿಣಕ್ಕೆ ೧೯೪೮ರಲ್ಲಿ ರಾಜಾಜಿಯವರು ಜಯನಗರಕ್ಕೆ ಅಸ್ತಿಭಾರ ಹಾಕಿದರು. ಅಗಲವಾದ ರಸ್ತೆ, ಬ್ಲಾಕಿಗೊಂದು ಪಾರ್ಕು, ಆಟದ ಮೈದಾನ, ಶಾಲೆಗೆ ಜಾಗ — ಎಲ್ಲವನ್ನೂ ನಕ್ಷೆಯಲ್ಲೇ ಬರೆದು ಮಾಡಿದ ಬಡಾವಣೆ ಅದು. ಬಳಿಕ ಬನಶಂಕರಿ ಬಂತು, ಜೆ.ಪಿ. ನಗರ ಬಂತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಬಿ.ಟಿ.ಎಂ. ಲೇಔಟ್ ಎಂದು ಹೆಸರಿಟ್ಟರು. ಊರುಗಳ ಹೆಸರು ಮೂರು ಅಕ್ಷರಕ್ಕೆ ಇಳಿಯಿತು. ಊರಿನವರು ಬಡಾವಣೆಯ ಹಿಂದಿನ ಗಲ್ಲಿಗಳಿಗೆ ಇಳಿದರು.

ಇಂದು ಆ ಭಾಗದಲ್ಲಿ ಒಂದೇ ವಾರ್ಡಿನೊಳಗೆ ಎರಡು ಊರುಗಳಿವೆ. ಮುಖ್ಯರಸ್ತೆಯ ಮೇಲೆ ಅಪಾರ್ಟ್‌ಮೆಂಟು. ಅದರ ಹಿಂದೆ ತಗಡಿನ ಚಾವಣಿಯ ಒಂದು ಕೋಣೆಯ ಮನೆಗಳು. ಮುಂದಿನ ಮನೆಯ ಅಡಿಗೆ, ಪಾತ್ರೆ, ಕಸ, ಕಾವಲು ಎಲ್ಲವೂ ನಡೆಯುವುದು ಹಿಂದಿನ ಮನೆಯವರ ಕೈಯಿಂದ. ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಓಡುವ ಹೆಂಗಸರು, ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು ಇಟ್ಟು ಕೂರುವವರು, ಆಟೋ ಓಡಿಸುವವರು, ಗಾರೆ ಕೆಲಸದವರು — ಇವರ ಮಕ್ಕಳೇ ಅಲ್ಲಿಯ ಸರ್ಕಾರಿ ಶಾಲೆಗಳ ಮಕ್ಕಳು. ನಮ್ಮ ಜಿಲ್ಲೆಯಿಂದ ಕೆಲಸ ಹುಡುಕಿಕೊಂಡು ಹೋದವರ ಮಕ್ಕಳೂ ಅವರಲ್ಲಿದ್ದಾರೆ. ಆದುದರಿಂದ ಬೆಂಗಳೂರಿನ ಮಾತು ನಮಗೇಕೆ ಎಂದು ವಾಚಕರು ಕೇಳಬಾರದು.

ಶಾಲೆ ಮುಚ್ಚಿದಾಗ ಮುಂದಿನ ಮನೆಯ ಮಗುವಿಗೆ ಬೇರೆ ಕೋಣೆಯಿತ್ತು, ಲ್ಯಾಪ್‌ಟಾಪು ಇತ್ತು, ಪಕ್ಕದಲ್ಲಿ ಕೂತು ಹೇಳಿಕೊಡಲು ಓದಿದ ತಾಯಿಯಿದ್ದಳು. ಹಿಂದಿನ ಮನೆಯಲ್ಲಿ ಇದ್ದದ್ದು ಒಂದು ಫೋನು. ಅದು ಅಪ್ಪನೊಡನೆ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಿತ್ತು, ರಾತ್ರಿ ಬರುತ್ತಿತ್ತು. ರೀಚಾರ್ಜಿಗೆ ಹಣವಿದ್ದ ತಿಂಗಳು ಮೂರು ಮಕ್ಕಳಲ್ಲಿ ಯಾರು ನೋಡಬೇಕೆಂದು ಜಗಳ. ಆ ಜಗಳದಲ್ಲಿ ಗೆಲ್ಲುತ್ತಿದ್ದವನು ಸಾಮಾನ್ಯವಾಗಿ ಗಂಡುಮಗ. ಇದು ನಾವು ಕಟ್ಟಿದ ಕತೆಯಲ್ಲ. ಕೇಂದ್ರ ಸರ್ಕಾರದ್ದೇ ಆದ ೨೦೧೭-೧೮ರ ಮಾದರಿ ಸಮೀಕ್ಷೆಯಂತೆ ದೇಶದ ಪಟ್ಟಣಗಳಲ್ಲಿ ನೂರಕ್ಕೆ ೪೨ ಮನೆಗಳಲ್ಲೂ ಹಳ್ಳಿಗಳಲ್ಲಿ ನೂರಕ್ಕೆ ಸುಮಾರು ೧೫ ಮನೆಗಳಲ್ಲೂ ಮಾತ್ರ ಇಂಟರ್‌ನೆಟ್ ಇತ್ತು. ಇದು ಸರ್ಕಾರದ ಕಪಾಟಿನಲ್ಲೇ ಇದ್ದ ಅಂಕಿ. ಅದನ್ನು ಇಟ್ಟುಕೊಂಡೇ ಪಾಠವನ್ನು ಫೋನಿಗೆ ವರ್ಗಾಯಿಸಿದರು. ೨೦೨೧ರ ಆಗಸ್ಟಿನಲ್ಲಿ ಜೀನ್ ಡ್ರೀಜ್ ಮೊದಲಾದವರು ನಮ್ಮ ರಾಜ್ಯವೂ ಸೇರಿದಂತೆ ೧೫ ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಬಡವರ ಮನೆಗಳಿಗೆ ಹೋಗಿ ಸುಮಾರು ೧,೪೦೦ ಮಕ್ಕಳನ್ನು ವಿಚಾರಿಸಿದರು. ಆನ್‌ಲೈನಿನಲ್ಲಿ ಕ್ರಮವಾಗಿ ಓದುತ್ತಿದ್ದವರು ಪಟ್ಟಣದಲ್ಲಿ ನೂರಕ್ಕೆ ೨೪ ಮಂದಿ; ಹಳ್ಳಿಯಲ್ಲಿ ನೂರಕ್ಕೆ ಎಂಟು ಮಂದಿ.

ಈ ನಡುವೆ ನಡೆದ ಒಂದು ಪ್ರಸಂಗವನ್ನು ನೆನೆಯಬೇಕು. ೨೦೨೦ರ ಜೂನಿನಲ್ಲಿ ರಾಜ್ಯ ಸರ್ಕಾರ ಸಣ್ಣ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಕೂಡದೆಂದು ಅಪ್ಪಣೆ ಮಾಡಿತು. ಕೆಲವು ತಾಯಿತಂದೆಗಳು ಹೈಕೋರ್ಟಿಗೆ ಹೋದರು. ಜುಲೈ ೮ರಂದು ಹೈಕೋರ್ಟು, ಇದು ಸಂವಿಧಾನವು ಕೊಟ್ಟ ಬದುಕುವ ಹಕ್ಕಿಗೂ ವಿದ್ಯೆಯ ಹಕ್ಕಿಗೂ ಅಡ್ಡಿಯೆಂದು ಅಪ್ಪಣೆಗೆ ತಡೆ ಕೊಟ್ಟಿತು. ಇರುವವನ ಕೈಯಿಂದ ಕಿತ್ತುಕೊಂಡ ಮಾತ್ರಕ್ಕೆ ಇಲ್ಲದವನಿಗೆ ಸಿಕ್ಕಂತಾಗುವುದಿಲ್ಲ. ಆದ್ದರಿಂದ ಆ ತೀರ್ಪನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ವಾದಿಸಿದ ಎರಡು ಪಕ್ಷಗಳ ನಡುವೆ ಹಿಂದಿನ ಮನೆಯ ಮಗು ಎಲ್ಲಿತ್ತು? ಪಾಠ ಬೇಕೆಂದವರ ಮನೆಯಲ್ಲಿ ಪರದೆಯಿತ್ತು. ಬೇಡವೆಂದ ಸರ್ಕಾರದ ಕೈಯಲ್ಲಿ ಬೇರೆ ಏರ್ಪಾಡು ಇರಲಿಲ್ಲ. ತೀರ್ಪಿನ ಮಾರನೆಯ ದಿನ ಮುಂದಿನ ಮನೆಯಲ್ಲಿ ಪಾಠ ಆರಂಭವಾಯಿತು. ಹಿಂದಿನ ಮನೆಯಲ್ಲಿ ಏನೂ ಆಗಲಿಲ್ಲ.

ಏನೂ ಪ್ರಯತ್ನವೇ ನಡೆಯಲಿಲ್ಲವೆಂದರೆ ಸುಳ್ಳಾಗುತ್ತದೆ. ಚಂದನ ದೂರದರ್ಶನದಲ್ಲಿ ಜುಲೈ ತಿಂಗಳಿಂದ ಪಾಠಗಳು ಬಂದವು. ಆಗಸ್ಟಿನಲ್ಲಿ "ವಿದ್ಯಾಗಮ" ಎಂಬ ಯೋಜನೆ ಬಂತು. ಮಕ್ಕಳು ಶಾಲೆಗೆ ಬಾರದಿದ್ದರೆ ಉಪಾಧ್ಯಾಯರೇ ವಠಾರಕ್ಕೆ ಹೋಗುವುದು; ದೇವಸ್ಥಾನದ ಜಗಲಿಯಲ್ಲಿ, ಮರದ ಕೆಳಗೆ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿ ಹೇಳಿಕೊಡುವುದು. ನಮ್ಮ ದೇಶದ ಹಳೆಯ ಪದ್ಧತಿಯೇ ಅದು, ಒಳ್ಳೆಯ ಯೋಜನೆ. ಆದರೆ ಉಪಾಧ್ಯಾಯರಿಗೂ ಮಕ್ಕಳಿಗೂ ರಕ್ಷಣೆಯ ಏರ್ಪಾಡು ಸಾಲದೆ, ರೋಗ ತಗಲಿದ ಸುದ್ದಿಗಳು ಬಂದು, ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಸರಿಪಡಿಸಿ ನಡೆಸಬೇಕಾದುದನ್ನು ನಿಲ್ಲಿಸಿಬಿಡುವುದೇ ನಮ್ಮ ಆಡಳಿತಕ್ಕೆ ಸುಲಭ. ಪಕ್ಕದ ಕೇರಳದಲ್ಲಿ ಜೂನ್ ೧ರಂದೇ ಟೆಲಿವಿಷನ್ ಪಾಠ ಆರಂಭಿಸಿ, ಟಿ.ವಿ. ಇಲ್ಲದ ಮಕ್ಕಳಿಗಾಗಿ ಊರಿನ ವಾಚನಾಲಯಗಳಲ್ಲೂ ಅಂಗನವಾಡಿಗಳಲ್ಲೂ ಕೂರುವ ಏರ್ಪಾಡು ಮಾಡಿದರು. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳಿಗಾಗಿ ಕನ್ನಡದಲ್ಲೂ ಪಾಠ ತಯಾರಿಸಿದರು. ಅಲ್ಲಿಯೂ ಕೊರತೆಯಿತ್ತು. ಆದರೆ ಇಲ್ಲದವನ ಮನೆಯಿಂದ ಯೋಚನೆ ಆರಂಭವಾಗಿತ್ತು.

ಜಯನಗರದ ಪಾರ್ಕುಗಳನ್ನು ನೆನೆದರೆ ನಮಗೆ ಸಂಕಟವಾಗುತ್ತದೆ. ೨೦೨೦ರ ಮೇ ತಿಂಗಳಲ್ಲೇ ಬೆಳಿಗ್ಗೆ ಸಂಜೆ ವಾಯುವಿಹಾರಕ್ಕೆಂದು ಪಾರ್ಕುಗಳ ಗೇಟು ತೆರೆಯಿತು. ಬಯಲು ಗಾಳಿಯಲ್ಲಿ ರೋಗ ಅಂಟುವುದು ಕಡಿಮೆಯೆಂಬುದು ಬೇಗನೆ ತಿಳಿದುಬಂತು. ಹಿರಿಯರು ನಡೆದು ಹೋದ ಮೇಲೆ, ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಆ ಮರಗಳ ನೆರಳು ಯಾರಿಗೆ ಬೇಕಾಗಿತ್ತು? ಗುರಪ್ಪನಪಾಳ್ಯದ, ರಾಗಿಗುಡ್ಡದ ಮಕ್ಕಳನ್ನು ಇಪ್ಪತ್ತಿಪ್ಪತ್ತರಂತೆ ಅಲ್ಲಿ ಕೂರಿಸಿ ಒಬ್ಬೊಬ್ಬ ಉಪಾಧ್ಯಾಯರನ್ನು ನೇಮಿಸಿದ್ದರೆ ಖರ್ಚೆಷ್ಟಾಗುತ್ತಿತ್ತು? ಒಂದು ಕಪ್ಪು ಹಲಗೆ, ಒಂದು ಚಾಪೆ, ಒಂದು ಸಾಬೂನು.

ಪಾಠದ ಮಾತು ಇರಲಿ, ಊಟದ ಮಾತಿಗೆ ಬರೋಣ. ಬಡವನ ಮಗುವಿಗೆ ಶಾಲೆಯೆಂದರೆ ಪುಸ್ತಕವಷ್ಟೇ ಅಲ್ಲ, ಅನ್ನವೂ ಹೌದು. ಸುಪ್ರೀಂ ಕೋರ್ಟು ೨೦೦೧ರಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಅಪ್ಪಣೆ ಮಾಡಿದ ಮೇಲೆ, ೨೦೦೨ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ೨೦೧೩ರಲ್ಲಿ ಹಾಲೂ ಬಂತು. ಅದೇ ವರ್ಷದ ಆಹಾರ ಭದ್ರತಾ ಕಾಯಿದೆಯಲ್ಲಿ ಎಂಟನೆಯ ತರಗತಿಯವರೆಗಿನ ಮಧ್ಯಾಹ್ನದ ಊಟ ಹಕ್ಕಾಯಿತು. ಶಾಲೆ ಮುಚ್ಚಿದಾಗ ಒಲೆಯೂ ಆರಿತು. ೨೦೨೦ರ ಮಾರ್ಚ್ ೧೮ರಂದೇ ಸುಪ್ರೀಂ ಕೋರ್ಟು ತಾನಾಗಿಯೇ ರಾಜ್ಯಗಳನ್ನು ಕೇಳಿತು: ಶಾಲೆ ಮುಚ್ಚಿದರೆ ಮಕ್ಕಳ ಊಟಕ್ಕೇನು ಮಾಡುತ್ತೀರಿ? ನಮ್ಮಲ್ಲಿ ಅಕ್ಕಿ, ಬೇಳೆಗಳನ್ನು ಮನೆಗೆ ಹಂಚಿದರು. ಹಂಚಿದ್ದು ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ ೧೦೦ ಗ್ರಾಂ ಧಾನ್ಯ. ತಿಂಗಳಿಗೆ ೨೫ ದಿನ ಹಿಡಿದರೆ ಎರಡೂವರೆ ಕಿಲೋ. ಅಪ್ಪನ ಕೂಲಿ ನಿಂತ ಮನೆಯಲ್ಲಿ ಆ ಎರಡೂವರೆ ಕಿಲೋ ಐದು ಹೊಟ್ಟೆಗೆ ಹೋಗುತ್ತದೆ. ಶಾಲೆಯ ತಟ್ಟೆಯಲ್ಲಿ ಬಿದ್ದ ಅನ್ನ ಆ ಮಗುವಿನದು. ಮನೆಯ ಪಾತ್ರೆಗೆ ಬಿದ್ದ ಅಕ್ಕಿ ಎಲ್ಲರದು. ತಾಯಿಯ ತಪ್ಪಲ್ಲ ಅದು. ಬೇಯಿಸಿದ ಊಟ ಮತ್ತೆ ಆರಂಭವಾಗಲು ೨೦೨೧ರ ಅಕ್ಟೋಬರ್ ಬರಬೇಕಾಯಿತು.

ಈಗ ಆ ತಾಯಿಯ ಮಾತು. ೨೦೨೦ರ ಮೇ ೨೨ರಂದು ಸರ್ಕಾರ ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು ಹತ್ತು ಗಂಟೆಗೂ ವಾರದ ದುಡಿಮೆಯನ್ನು ೬೦ ಗಂಟೆಗೂ ಏರಿಸಿ ಅಪ್ಪಣೆ ಹೊರಡಿಸಿತು. ಕಾರ್ಮಿಕ ಸಂಘಗಳು ಕೋರ್ಟಿಗೆ ಹೋಗಿ ಗದ್ದಲ ಮಾಡಿದ ಮೇಲೆ ಜೂನಿನಲ್ಲಿ ಅದನ್ನು ಹಿಂದೆಗೆದುಕೊಂಡಿತು. ಆ ಹೋರಾಟದಲ್ಲಿ ನಾವು ಗೆದ್ದೆವೆಂದು ಸಂತೋಷಪಟ್ಟೆವು. ಆದರೆ ಆ ದಿನಗಳ ಒಂದು ಸಂಗತಿಯನ್ನು ನಾವು ಗಮನಿಸಲಿಲ್ಲ. ಶಾಲೆಯೂ ಇಲ್ಲ, ಅಂಗನವಾಡಿಯೂ ಇಲ್ಲ, ತಾಯಿಗೆ ಹತ್ತು ಗಂಟೆಯ ಕೆಲಸ — ಹಾಗಾದರೆ ಮಗು ಎಲ್ಲಿರಬೇಕು? ಇದನ್ನು ಅಪ್ಪಣೆ ಬರೆದ ಅಧಿಕಾರಿ ಕೇಳಿಕೊಳ್ಳಲಿಲ್ಲ, ನಾವೂ ಕೇಳಲಿಲ್ಲ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಮಕ್ಕಳ ಪಾಲನೆಗೆ ಕೋಣೆಯಿರಬೇಕೆಂದು ೧೯೪೮ರ ಕಾರ್ಖಾನೆ ಕಾಯಿದೆಯಲ್ಲೇ ಬರೆದಿತ್ತು. ಅದೂ ಆರು ವರ್ಷದೊಳಗಿನವರಿಗೆ ಮಾತ್ರ. ಏಳು ವರ್ಷದ ಮಗು ಮನೆಯ ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬೀದಿಯಲ್ಲಿರಬೇಕು. ಹತ್ತು ವರ್ಷದ ಹೆಣ್ಣುಮಗು ತಮ್ಮತಂಗಿಯರಿಗೆ ತಾಯಿಯಾಗಬೇಕು. ಹನ್ನೆರಡು ವರ್ಷದ ಹುಡುಗ ಗ್ಯಾರೇಜಿಗೋ ತರಕಾರಿ ಗಾಡಿಗೋ ಹೋಗಬೇಕು. ಹದಿನೈದರ ಹುಡುಗಿಗೆ ಊರಿನಲ್ಲಿ ಗಂಡು ಗೊತ್ತಾಗಬೇಕು. ಇವುಗಳಲ್ಲಿ ಒಂದಾದರೂ ನಡೆಯದ ಬೀದಿಯನ್ನು ನಮ್ಮ ವಾಚಕರು ತೋರಿಸಬಲ್ಲರೆ? ೨೦೨೧ರ ಜೂನಿನಲ್ಲಿ ಸರ್ಕಾರವೇ ನೇಮಿಸಿದ್ದ ಡಾ. ದೇವಿ ಶೆಟ್ಟಿಯವರ ಸಮಿತಿ ಕೂಡ, ಶಾಲೆಗಳನ್ನು ಇನ್ನೂ ಮುಚ್ಚಿಟ್ಟರೆ ಮಕ್ಕಳು ಅಪೌಷ್ಟಿಕತೆಗೂ ದುಡಿಮೆಗೂ ಬೀಳುತ್ತಾರೆಂದು ಎಚ್ಚರಿಸಿತು. ಅದಾದ ಮೇಲೂ ನಾಲ್ಕು ತಿಂಗಳು ಕಳೆಯಿತು.

ಸಣ್ಣ ವ್ಯಾಪಾರಿಗಳು, "ನಮ್ಮ ಮಕ್ಕಳು ಖಾಸಗಿ ಶಾಲೆಯವರು, ಈ ಮಾತು ನಮಗೆ ಸೇರಿದ್ದಲ್ಲ" ಎಂದುಕೊಳ್ಳಬಾರದು. ಅಂಗಡಿ ಮುಚ್ಚಿದ್ದಾಗಲೂ ಬಾಡಿಗೆ ನಿಲ್ಲಲಿಲ್ಲ, ಬಡ್ಡಿ ನಿಲ್ಲಲಿಲ್ಲ, ಶಾಲೆಯ ಫೀಜೂ ನಿಲ್ಲಲಿಲ್ಲ. ೨೦೨೧ರ ಜನವರಿ ೨೯ರಂದು ಬೋಧನಾ ಶುಲ್ಕದಲ್ಲಿ ನೂರಕ್ಕೆ ೭೦ ಮಾತ್ರ ತೆಗೆದುಕೊಳ್ಳಬೇಕೆಂದು ಸರ್ಕಾರ ಹೇಳಿತು. ಆಡಳಿತ ಮಂಡಲಿಗಳು ಕೋರ್ಟಿಗೆ ಹೋಗಿ, ಸೆಪ್ಟೆಂಬರಿನಲ್ಲಿ ಆ ರಿಯಾಯಿತಿ ನೂರಕ್ಕೆ ೧೫ಕ್ಕೆ ಇಳಿಯಿತು. ಫೀಜು ಕಟ್ಟಲಾಗದೆ ಮಗನ ವರ್ಗಾವಣೆ ಪತ್ರಕ್ಕಾಗಿ ಶಾಲೆಯ ಗೇಟಿನಲ್ಲಿ ಕೈಕಟ್ಟಿ ನಿಂತ ದಿನಸಿ ಅಂಗಡಿಯವರನ್ನು ನಾವು ಬಲ್ಲೆವು. ಇತ್ತ ಅದೇ ಫೀಜಿನಿಂದ ಸಂಬಳ ಪಡೆಯಬೇಕಾದ ಸಣ್ಣ ಖಾಸಗಿ ಶಾಲೆಗಳ ಉಪಾಧ್ಯಾಯರಿಗೆ ಸಂಬಳವಿಲ್ಲ. ಪಾಠ ಹೇಳಿದ ಕೈ ಹಣ್ಣಿನ ಗಾಡಿ ತಳ್ಳಿತು. ೨೦೨೧ರ ಜೂನಿನಲ್ಲಿ ಸರ್ಕಾರ ಅವರಿಗೆ ಕೊಟ್ಟದ್ದು ಒಂದು ಸಲಕ್ಕೆ ೫,೦೦೦ ರೂಪಾಯಿ. ತಂದೆಯೂ ಮೇಷ್ಟ್ರೂ ಪರಸ್ಪರ ವೈರಿಗಳಂತೆ ನಿಂತರು. ಶಾಲೆ ವ್ಯಾಪಾರವಾದಾಗ ಆಗುವುದೇ ಇದು: ಕೊಳ್ಳುವವನಿಗೂ ಹೊಟ್ಟೆ ತುಂಬುವುದಿಲ್ಲ, ತೂಗುವವನಿಗೂ ತುಂಬುವುದಿಲ್ಲ. ಇನ್ನು ಕೆಲವರು ಶಾಲೆಯಿಲ್ಲದ ಮಗನನ್ನು ಗಲ್ಲದ ಮುಂದೆ ಕೂರಿಸಿ, "ವ್ಯಾಪಾರ ಕಲಿಯಲಿ" ಎಂದರು. ಕಲಿತನು. ಅಂಗಡಿ ಬಿಟ್ಟು ಶಾಲೆಗೆ ಮರಳುವುದನ್ನು ಮಾತ್ರ ಮರೆತನು.

ನಷ್ಟವೆಷ್ಟು? ಈ ಅಂಕಣ ಬರೆಯುವವನ ಕೈ ಕೆಲವು ಕಾಲ ಸೀಮೆಸುಣ್ಣ ಹಿಡಿದ ಕೈ. ಓದುವುದನ್ನು ಬಿಟ್ಟ ಮಗು ಹೇಗೆ ಮರೆಯುತ್ತದೆಂಬುದನ್ನು ಪ್ರತಿ ಬೇಸಿಗೆ ರಜೆ ಕಳೆದ ಮೇಲೂ ಕಂಡಿದ್ದೇವೆ. ಮೊದಲು ಒತ್ತಕ್ಷರ ಹೋಗುತ್ತದೆ. "ಅಕ್ಕ" ಎಂಬಲ್ಲಿ "ಅಕ" ಎನ್ನುತ್ತದೆ. ಆಮೇಲೆ ಗುಣಿತಾಕ್ಷರ ಹೋಗುತ್ತದೆ. ದೀರ್ಘವೂ ಹ್ರಸ್ವವೂ ಒಂದಾಗುತ್ತವೆ. ಲೆಕ್ಕದಲ್ಲಿ ಮೊದಲು ಹೋಗುವುದು ದಶಕ ತೆಗೆದುಕೊಂಡು ಕಳೆಯುವ ಲೆಕ್ಕ. ಎರಡು ತಿಂಗಳ ರಜೆಗೆ ಕಳೆದುದನ್ನು ಜೂನಿನಲ್ಲಿ ಮೂರು ವಾರ ದುಡಿದು ತುಂಬಿಕೊಡಬಹುದು. ಹತ್ತೊಂಬತ್ತು ತಿಂಗಳಿಗೆ ಕಳೆದುದನ್ನು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯದವರು ೨೦೨೧ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ೧,೧೩೭ ಸರ್ಕಾರಿ ಶಾಲೆಗಳ ೧೬,೦೬೭ ಮಕ್ಕಳನ್ನು ಪರೀಕ್ಷಿಸಿದರು. ನೂರಕ್ಕೆ ೯೨ ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಯಾವುದಾದರೊಂದು ಶಕ್ತಿಯನ್ನು ಕಳೆದುಕೊಂಡಿದ್ದರು. ಲೆಕ್ಕದಲ್ಲಿ ನೂರಕ್ಕೆ ೮೨ ಮಕ್ಕಳು. ಆಮೇಲೆ ೨೦೨೨ರಲ್ಲಿ ದೇಶದ ಹಳ್ಳಿಗಳಲ್ಲಿ ಮಾಡಿದ "ಅಸರ್" ಸಮೀಕ್ಷೆಯಲ್ಲಿ, ಮೂರನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮಕ್ಕಳು ನೂರಕ್ಕೆ ೨೦.೫, ೨೦೧೮ರಲ್ಲಿ ಅದು ೨೭.೩ ಇತ್ತು. ಪಿಡುಗಿಗೆ ಮುಂಚೆಯೇ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ಓದಲು ಬರುತ್ತಿರಲಿಲ್ಲವೆಂಬುದನ್ನೂ ಈ ಅಂಕಿ ಹೇಳುತ್ತದೆ. ಪಿಡುಗು ಹೊಸ ಬಿರುಕನ್ನು ಮಾಡಲಿಲ್ಲ. ಇದ್ದ ಬಿರುಕನ್ನು ಅಗಲ ಮಾಡಿತು.

೨೦೨೨ರ ಮೇ ತಿಂಗಳಲ್ಲಿ "ಕಲಿಕಾ ಚೇತರಿಕೆ" ಎಂದು ಒಂದು ವರ್ಷದ ಕಾರ್ಯಕ್ರಮವನ್ನು ಸರ್ಕಾರ ಹಾಕಿಕೊಂಡಿತು. ಒಳ್ಳೆಯ ಹೆಸರು, ಒಳ್ಳೆಯ ಉದ್ದೇಶ. ಆದರೆ ಅದೇ ತಿಂಗಳು ರಾಜ್ಯದ ಪತ್ರಿಕೆಗಳನ್ನೂ ಮಂತ್ರಿಗಳ ಬಾಯಿಯನ್ನೂ ತುಂಬಿದ್ದು ಚೇತರಿಕೆಯಲ್ಲ; ಪಠ್ಯಪುಸ್ತಕದಲ್ಲಿ ಯಾರ ಪಾಠವಿರಬೇಕು, ಯಾರದ್ದನ್ನು ತೆಗೆಯಬೇಕು ಎಂಬ ಕಾದಾಟ. ಆ ವಾದದಲ್ಲಿ ತತ್ವವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಯಾವ ಪಾಠವನ್ನೇ ಇಟ್ಟರೂ ಅದನ್ನು ಓದಲಾರದ ಮಗುವಿನ ಮಾತನ್ನು ಯಾರೂ ಎತ್ತಲಿಲ್ಲ. ೨೦೨೪ರ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ನಕಲು ತಡೆದಾಗ, ಕೃಪಾಂಕವನ್ನು ನೂರಕ್ಕೆ ೨೦ಕ್ಕೆ ಏರಿಸಿದ ಮೇಲೂ ಫಲಿತಾಂಶ ನೂರಕ್ಕೆ ೭೩.೪೦. ಆ ಮಕ್ಕಳು ಪಿಡುಗಿನ ಎರಡು ವರ್ಷ ಏಳು, ಎಂಟನೆಯ ತರಗತಿಯಲ್ಲಿದ್ದವರು. ಎಲ್ಲಕ್ಕೂ ಅದೊಂದೇ ಕಾರಣವಲ್ಲ, ನಿಜ. ಆದರೆ ಕೃಪಾಂಕವೆಂದರೇನು? ಪಾಠವನ್ನು ಕೊಡಲಿಲ್ಲ, ಅಂಕವನ್ನಾದರೂ ತೆಗೆದುಕೋ ಎಂದು ಸರ್ಕಾರವೇ ಬರೆದುಕೊಟ್ಟ ತಪ್ಪೊಪ್ಪಿಗೆ.

ಇದೆಲ್ಲ ಶಿಕ್ಷಣ ಇಲಾಖೆಯ ವಿಚಾರ, ರಾಜಕೀಯವಲ್ಲ ಎಂದು ಹೇಳುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಹೆಂಡದಂಗಡಿಯವರಿಗೆ ಸಂಘವಿತ್ತು, ಸರ್ಕಾರಕ್ಕೆ ಅದರ ಸುಂಕ ಬೇಕಿತ್ತು. ಮಾಲಿನವರಿಗೆ ಮಂತ್ರಿಗಳ ಬಾಗಿಲು ತೆರೆದಿತ್ತು. ೨೦೨೦ರ ಮೇ ತಿಂಗಳ ಮೊದಲ ವಾರದಲ್ಲಿ, ಕಟ್ಟಡದ ಕಂಟ್ರಾಕ್ಟರುಗಳು ಮುಖ್ಯಮಂತ್ರಿಗಳನ್ನು ಕಂಡು ಬಂದ ದಿನವೇ ಕೂಲಿಗಳನ್ನು ಊರಿಗೆ ಒಯ್ಯುವ ರೈಲುಗಳು ಬೇಡವೆಂದು ಸರ್ಕಾರ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ರೈಲು ಬಿಟ್ಟಿತು. ಯಾರು ಬಾಗಿಲು ತಟ್ಟಬಲ್ಲರೋ ಅವರ ಬಾಗಿಲು ತೆರೆಯುತ್ತದೆ. ಏಳು ವರ್ಷದ ಮಗು ಯಾರ ಬಾಗಿಲು ತಟ್ಟೀತು? ಅದಕ್ಕೆ ಓಟಿಲ್ಲ, ಸಂಘವಿಲ್ಲ, ಹರತಾಳ ಹೂಡುವ ಶಕ್ತಿಯಿಲ್ಲ. ಬೆಂಗಳೂರಿನಲ್ಲಿ ಅದಕ್ಕೊಬ್ಬ ಕಾರ್ಪೊರೇಟರೂ ಇರಲಿಲ್ಲ! ೨೦೨೦ರ ಸೆಪ್ಟೆಂಬರ್ ೧೦ಕ್ಕೆ ಅಲ್ಲಿಯ ಮಹಾನಗರ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ಚುನಾವಣೆಯೇ ನಡೆಯದೆ ೨೦೨೫ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನೇ ಐದಾಗಿ ಒಡೆದರು. ಪಿಡುಗಿನ ಅತ್ಯಂತ ಕೆಟ್ಟ ದಿನಗಳಲ್ಲಿ ಬಿ.ಟಿ.ಎಂ. ಲೇಔಟಿನ ಗಾರ್ಮೆಂಟ್ಸ್ ಹೆಂಗಸು "ನಮ್ಮ ವಾರ್ಡಿನ ಶಾಲೆ ಯಾವಾಗ ತೆರೆಯುತ್ತೀರಿ?" ಎಂದು ಕೇಳಬಹುದಾದ, ಅವಳ ಓಟಿಗೆ ಹೆದರಬೇಕಾದ ವಾರ್ಡಿನ ಪ್ರತಿನಿಧಿ ಒಬ್ಬನೂ ಇರಲಿಲ್ಲ. ಇದು ರಾಜಕೀಯವಲ್ಲದೆ ಮತ್ತೇನು?

ಮೂಲವನ್ನೂ ನೋಡಬೇಕು. ಮೈಸೂರು ಸಂಸ್ಥಾನ ೧೯೧೩ರಲ್ಲೇ ಪ್ರಾಥಮಿಕ ವಿದ್ಯೆಯನ್ನು ಕಡ್ಡಾಯ ಮಾಡಲು ಕಾಯಿದೆ ತಂದಿತು. ಹತ್ತು ವರ್ಷದೊಳಗೆ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಉಚಿತ ವಿದ್ಯೆಯೆಂದು ಸಂವಿಧಾನ ಹೇಳಿತು. ೧೯೬೬ರಲ್ಲಿ ಕೊಠಾರಿ ಆಯೋಗ, ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ ಆರನ್ನು ವಿದ್ಯೆಗೆ ಕೊಡಿರಿ, ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗಲಿ ಎಂದಿತು. ಆ ಆರನ್ನು ಇಂದಿನವರೆಗೆ ಯಾವ ಸರ್ಕಾರವೂ ಮುಟ್ಟಿಲ್ಲ. ೨೦೧೦ರಲ್ಲಿ ವಿದ್ಯೆಯ ಹಕ್ಕಿನ ಕಾಯಿದೆ ಜಾರಿಗೆ ಬಂದು ಖಾಸಗಿ ಶಾಲೆಗಳಲ್ಲಿ ನಾಲ್ಕನೆಯ ಒಂದು ಪಾಲು ಬಡವರಿಗೆಂದಾಯಿತು. ೨೦೧೯ರಲ್ಲಿ ನಮ್ಮ ರಾಜ್ಯ, ಸರ್ಕಾರಿ ಶಾಲೆ ಹತ್ತಿರವಿದ್ದಲ್ಲಿ ಆ ಪಾಲು ಬೇಡವೆಂದ ನಿಯಮ ತಂದಿತು. ಸರ್ಕಾರಿ ಶಾಲೆಯನ್ನು ಬಲಪಡಿಸಲೆಂದು ಹಾಗೆ ಮಾಡಿದ್ದಾಗಿ ಹೇಳಿದರು. ಬಲಪಡಿಸುವ ಮಾತು ಮುಗಿಯುವುದರೊಳಗೆ ಪಿಡುಗು ಬಂತು. ಮುಂದಿನ ಮನೆಯ ಮಗುವೂ ಹಿಂದಿನ ಮನೆಯ ಮಗುವೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತಿದ್ದರೆ, ಆ ಶಾಲೆ ಹತ್ತೊಂಬತ್ತು ತಿಂಗಳು ಮುಚ್ಚಿರುತ್ತಿತ್ತೇ? ವಾಚಕರೇ ಉತ್ತರ ಹೇಳಲಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಎರಡು ವರ್ಷ ನಾವು ಪಡಿತರಕ್ಕಾಗಿ ಮೆರವಣಿಗೆ ಮಾಡಿದೆವು, ಕೂಲಿಗಾಗಿ ಅರ್ಜಿ ಕೊಟ್ಟೆವು, ದುಡಿಮೆಯ ಗಂಟೆಗಾಗಿ ಹೋರಾಡಿದೆವು. ಶಾಲೆ ತೆರೆಯಿರೆಂದು ಒಂದು ದಿನ ಗಿರಣಿಯ ಗೇಟಿನಲ್ಲಿ ಸಭೆ ಸೇರಿಸಲಿಲ್ಲ. ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಬೋನಸ್ಸಿತ್ತು, ತುಟ್ಟಿಭತ್ಯೆಯಿತ್ತು, ಮಗುವಿರಲಿಲ್ಲ. ಯಾರಿಗಾಗಿ ದುಡಿಯುತ್ತೇವೆಂದು ಕೇಳಿದರೆ ಪ್ರತಿ ಕಾರ್ಮಿಕನೂ "ಮಕ್ಕಳಿಗಾಗಿ" ಎನ್ನುತ್ತಾನೆ. ಆ ಮಾತು ಸಂಘದ ಬೇಡಿಕೆ ಪತ್ರದಲ್ಲೇಕೆ ಬರಲಿಲ್ಲ?

ಹಾಗಾದರೆ ಮಾಡಬೇಕಾದುದೇನು? ನಮಗೆ ತೋರುವುದು ಇಷ್ಟು.

ಒಂದು: ಮುಂದೆ ಯಾವ ಪಿಡುಗು ಬಂದರೂ ಎಲ್ಲಕ್ಕಿಂತ ಕೊನೆಗೆ ಮುಚ್ಚುವುದು ಶಾಲೆ, ಎಲ್ಲಕ್ಕಿಂತ ಮೊದಲು ತೆರೆಯುವುದು ಶಾಲೆ, ಅದರಲ್ಲೂ ಚಿಕ್ಕ ಮಕ್ಕಳ ಶಾಲೆ ಎಂದು ಕಾಯಿದೆಯಾಗಬೇಕು. ಮಂತ್ರಿಗಳ ದಯೆಗೆ ಬಿಡಕೂಡದು.

ಎರಡು: ಆಸ್ಪತ್ರೆ ಮುಚ್ಚದಂತೆ ಅಕ್ಷರ ದಾಸೋಹದ ಒಲೆಯೂ ಆರಬಾರದು. ಪಾಠವಿಲ್ಲದ ದಿನವೂ ಬೇಯಿಸಿದ ಊಟ ಮಗುವಿನ ತಟ್ಟೆಗೇ ಬೀಳಬೇಕು.

ಮೂರು: ೨೦೨೦ರಿಂದ ೨೦೨೨ರೊಳಗೆ ಶಾಲೆ ಬಿಟ್ಟವರೆಷ್ಟು, ಮರಳಿದವರೆಷ್ಟು ಎಂದು ವಾರ್ಡುವಾರು, ಗ್ರಾಮವಾರು ಪಟ್ಟಿ ಮಾಡಿ ಪ್ರಕಟಿಸಬೇಕು. ಬಿಟ್ಟವರಿಗೆ ಸಂಜೆ ಶಾಲೆ ತೆರೆಯಬೇಕು. ಖಾಲಿ ಬಿದ್ದಿರುವ ಉಪಾಧ್ಯಾಯರ ಹುದ್ದೆಗಳನ್ನು ಅತಿಥಿಗಳಿಂದಲ್ಲ, ಖಾಯಂ ಉಪಾಧ್ಯಾಯರಿಂದ ತುಂಬಬೇಕು.

ನಾಲ್ಕು: ದುಡಿಯುವ ಹೆಂಗಸರಿರುವ ಕಾರ್ಖಾನೆಗಳ ಪ್ರದೇಶದಲ್ಲಿ ಅಂಗನವಾಡಿಯ ವೇಳೆ ಕಾರ್ಖಾನೆಯ ಪಾಳಿಗೆ ಹೊಂದಬೇಕು. ಪಾಳಿ ಮುಗಿಯುವ ಮೊದಲೇ ಮುಚ್ಚುವುದರಿಂದ ಗಾರ್ಮೆಂಟ್ಸ್ ತಾಯಿಗೆ ಏನು ಪ್ರಯೋಜನ?

ಐದು: ಯಾವ ನಗರದ ಪಾಲಿಕೆಯೂ ಚುನಾಯಿತ ಪ್ರತಿನಿಧಿಗಳಿಲ್ಲದೆ ಅಧಿಕಾರಿಗಳ ಕೈಯಲ್ಲಿ ವರ್ಷಗಟ್ಟಲೆ ಕೊಳೆಯಬಾರದು.

ಇವು ಸರ್ಕಾರ ಮಾಡಬೇಕಾದವು. ನಾವು ನಾಳೆ ಬೆಳಿಗ್ಗೆಯೇ ಮಾಡಬಹುದಾದ ಒಂದು ಕೆಲಸವಿದೆ. ಪ್ರತಿ ಸರ್ಕಾರಿ ಶಾಲೆಗೂ ಒಂದು ಸಮಿತಿಯಿದೆ, ಎಸ್.ಡಿ.ಎಂ.ಸಿ. ಎನ್ನುತ್ತಾರೆ. ಕಾಯಿದೆಯಂತೆ ಅದರಲ್ಲಿ ಮುಕ್ಕಾಲು ಪಾಲು ತಾಯಿತಂದೆಗಳಿರಬೇಕು, ಅರ್ಧ ಹೆಂಗಸರಿರಬೇಕು. ಅನೇಕ ಕಡೆ ಅದು ಊರಿನ ಮುಖಂಡನ ಜೇಬಿನಲ್ಲಿದೆ, ಏಕೆಂದರೆ ತಾಯಿತಂದೆಗಳು ಹೋಗುವುದಿಲ್ಲ. ಅರ್ಧ ದಿನದ ಕೂಲಿ ಹೋದರೂ ಸರಿ, ಅರ್ಧ ದಿನದ ವ್ಯಾಪಾರ ಹೋದರೂ ಸರಿ, ಮುಂದಿನ ಸಭೆಗೆ ಹೋಗಿರಿ. ನಿಮ್ಮ ಮಗುವಿನ ಕೈಗೆ ಒಂದು ಪುಸ್ತಕ ಕೊಟ್ಟು ಓದಿಸಿ ಕೇಳಿರಿ. ಒತ್ತಕ್ಷರದಲ್ಲಿ ತಡವರಿಸಿದರೆ ಮಗುವಿಗೆ ಬೈಯಬೇಡಿರಿ. ಆ ಪುಸ್ತಕವನ್ನು ಹಿಡಿದುಕೊಂಡು ಸಭೆಗೆ ಹೋಗಿರಿ.

೨೦೨೦ರ ಜೂನಿನಲ್ಲಿ ಹೊಸ ಚೀಲ ಹೆಗಲಿಗೆ ಹಾಕಿ ಒಂದನೆಯ ತರಗತಿಗೆ ಹೋಗಬೇಕಾಗಿದ್ದ ಮಕ್ಕಳು ೨೦೩೦ರಲ್ಲಿ ಎಸ್ಸೆಸ್ಸೆಲ್ಸಿಗೆ ಕೂರಬೇಕು. ಒಂದನೆಯ ತರಗತಿಯನ್ನೇ ಕಾಣದವರು ಅವರು. ಅಂದು ಅವರಲ್ಲಿ ಎಷ್ಟು ಮಂದಿ ಪರೀಕ್ಷೆಯ ಕೊಠಡಿಯಲ್ಲಿರುತ್ತಾರೆ, ಎಷ್ಟು ಮಂದಿ ಗ್ಯಾರೇಜಿನಲ್ಲಿ, ಟೈಲರಿಂಗ್ ಮೆಷಿನ್ನಿನ ಮುಂದೆ, ಬೇರೆಯವರ ಮನೆಯ ಪಾತ್ರೆಯ ಮುಂದೆ ಇರುತ್ತಾರೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ತೀರ್ಮಾನ ಆಗುವವರೆಗೆ ಈ ಲೆಕ್ಕದ ಪುಸ್ತಕವನ್ನು ನಾವು ಮುಚ್ಚುವುದಿಲ್ಲ, ವಾಚಕರೂ ಮುಚ್ಚಬಾರದು.